ಇನ್ನೂರ ಅರವತ್ತೈದರ ಗೂನು

ಮೂವತ್ತೊಂದನೆಯ ಸೀಸೆ ನನ್ನ ಅಕ್ಕನದು. ಸೀಸೆಯ ಮೇಲೆ ಹೆಸರು ಇರುತ್ತಿರಲಿಲ್ಲ, ಅಂಕಿ ಮಾತ್ರ. ಆದರೆ ಅಂಕಿ ಬರೆದು ಅಂಟಿಸಿದವಳೇ ನಾನು. ಹಾಗಾಗಿ ಯಂತ್ರದ ಚಕ್ರ ಇನ್ನೂರ ಅರವತ್ತೈದರ ಹತ್ತಿರ ಬಂದು, ಏಳಬಾರದ ಜಾಗದಲ್ಲಿ ಮುಳ್ಳು ಎದ್ದು ನಿಂತಾಗ, ಅದು ಯಾರ ರಕ್ತ ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಆಗ ನನಗೆ ಮೂವತ್ತೆರಡು ವರ್ಷ. ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ, ದೊಡ್ಡದೊಂದು ಆಸ್ಪತ್ರೆಯ ಹಿಂಬದಿಯಲ್ಲಿದ್ದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ನಮ್ಮ ಡಾಕ್ಟರು ಮೂರು ವರ್ಷದಿಂದ ಒಂದೇ ಕೆಲಸದ ಬೆನ್ನು ಹತ್ತಿದ್ದರು. ಯಕೃತ್ತಿನಲ್ಲಿ ಗಡ್ಡೆ ಬೆಳೆಯುವ ಒಂದು ರೋಗವಿದೆ. ಅದು ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಕೈಮೀರಿ ಹೋಗಿರುತ್ತದೆ. ಅದಕ್ಕಿಂತ ಮೊದಲೇ, ರಕ್ತದಲ್ಲಿಯೇ ಅದರ ಸುಳಿವು ಹಿಡಿಯಬಹುದೇ ಎಂದು ಅವರು ಹುಡುಕುತ್ತಿದ್ದರು.

ರಕ್ತವನ್ನು ಅಲುಗಿಸದೆ ಇಟ್ಟರೆ ಹೆಪ್ಪುಗಟ್ಟಿ ಕೆಳಗೆ ಕೂರುತ್ತದೆ. ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಅದೇ ಸೀರಮ್. ಅದಕ್ಕೆ ಆಮ್ಲ ಹಾಕಿದರೆ ಪ್ರೋಟೀನು ಹಾಲು ಒಡೆದ ಹಾಗೆ ಬೇರೆಯಾಗುತ್ತದೆ. ಅದನ್ನು ಸೋಸಿ, ಹುಳಿ ಕಳೆದು, ಉಳಿದ ದ್ರವವನ್ನು ಕ್ವಾರ್ಟ್ಸಿನ ಪುಟ್ಟ ಚೌಕ ಕುಪ್ಪಿಯಲ್ಲಿ ತುಂಬಿ, ಅದರ ಮೂಲಕ ಅತಿನೇರಳೆ ಬೆಳಕು ಹಾಯಿಸುತ್ತಿದ್ದೆವು. ನೋಡುವುದಕ್ಕೆ ಬರೀ ನೀರು. ಆದರೆ ಕಣ್ಣಿಗೆ ಕಾಣದ ಆ ಬೆಳಕನ್ನು ಅದರೊಳಗಿನ ಒಂದೊಂದು ವಸ್ತುವೂ ತನ್ನದೇ ಒಂದು ಅಳತೆಯಲ್ಲಿ ಹೀರಿಕೊಳ್ಳುತ್ತದೆ. ಬೆಳಕಿನ ಅಲೆಯುದ್ದದ ಅಂಕಿ ಮುನ್ನೂರ ಇಪ್ಪತ್ತರಿಂದ ಶುರುಮಾಡಿ ಚಕ್ರವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಪ್ರತಿ ಅಳತೆಯಲ್ಲೂ ಮುಳ್ಳು ಎಲ್ಲಿ ನಿಂತಿತೆಂದು ನೋಡಿ, ಚೌಕಳಿ ಕಾಗದದ ಮೇಲೆ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಕೂಡಿಸಿ ಗೆರೆ ಎಳೆಯುವುದು ನನ್ನ ಕೆಲಸ.

ಎಲ್ಲರ ಗೆರೆಯಲ್ಲೂ ಇನ್ನೂರ ತೊಂಬತ್ತರ ಹತ್ತಿರ ಒಂದು ಸಣ್ಣ ದಿಬ್ಬ ಇರುತ್ತದೆ. ಅದು ಯೂರಿಕ್ ಆಮ್ಲದ್ದು, ಹೆದರಬೇಕಾದದ್ದಲ್ಲ. ಆದರೆ ರೋಗಿಗಳ ಗೆರೆಯಲ್ಲಿ ಅದನ್ನು ದಾಟಿದ ಮೇಲೆ, ಇನ್ನೂರ ಅರವತ್ತೈದರಲ್ಲಿ, ಇನ್ನೊಂದು ಉಬ್ಬು ಕಾಣುತ್ತಿತ್ತು. ಇಪ್ಪತ್ತಾರು ರೋಗಿಗಳಲ್ಲಿ ಇಪ್ಪತ್ತಮೂರು ಜನಕ್ಕೆ ಅದು ಇತ್ತು. ನಾವು ಅದನ್ನು ಗೂನು ಎನ್ನುತ್ತಿದ್ದೆವು. ಆರೋಗ್ಯವಂತರಲ್ಲಿ ಅದುವರೆಗೆ ಒಬ್ಬರಿಗೂ ಗೂನು ಕಂಡಿರಲಿಲ್ಲ.

ಆರೋಗ್ಯವಂತರು ನಲವತ್ತು ಮಂದಿ ಬೇಕಾಗಿತ್ತು. ಆಸ್ಪತ್ರೆಯ ಸಿಬ್ಬಂದಿ, ವಿದ್ಯಾರ್ಥಿಗಳೆಲ್ಲ ಕೈಚಾಚಿ ಮುಗಿದಿತ್ತು. ಕೊನೆಗೆ ನಾನು ಅಕ್ಕನನ್ನು ಕಾಡಿ ಬೇಡಿ ಕರೆತಂದಿದ್ದೆ. ಅಕ್ಕ ಬಟ್ಟೆ ಹೊಲಿಯುವವಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಒಬ್ಬಳೇ ಇದ್ದಳು.

"ದಿನವಿಡೀ ಸೂಜಿ ಹಿಡ್ಕೊಂಡೇ ಇರ್ತೀಯಲ್ಲ ಅಕ್ಕಾ, ಅದಕ್ಯಾಕೆ ಇಷ್ಟು ಹೆದರ್ತೀಯ?" ಎಂದು ನಾನು ರೇಗಿಸಿದ್ದೆ.

"ನನ್ನ ಸೂಜಿ ನಾನು ಹೇಳಿದ ಕಡೆ ಹೋಗುತ್ತೆ ಕಣೇ. ನಿಮ್ಮ ಸೂಜಿ ಯಾರ ಮಾತು ಕೇಳುತ್ತೋ ಯಾರಿಗೆ ಗೊತ್ತು," ಎಂದಿದ್ದಳು. ಆದರೂ ಬಂದಳು. ನಾನು ಕೇಳಿದ್ದನ್ನು ಅವಳು ಇಲ್ಲವೆಂದದ್ದು ನನಗೆ ನೆನಪಿಲ್ಲ.

ಈಗ ಆ ಅಕ್ಕನ ರಕ್ತದಲ್ಲಿ ಗೂನು.

ಪರದೆ ಎಳೆದ ಆ ಕತ್ತಲೆ ಕೋಣೆಯಲ್ಲಿ ಯಂತ್ರದ ದೀಪದ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಕುಪ್ಪಿ ಕೊಳೆಯಾಗಿರಬೇಕು ಎಂದುಕೊಂಡೆ. ಮೂರು ಸಲ ತೊಳೆದೆ. ಕ್ವಾರ್ಟ್ಸಿನ ಕುಪ್ಪಿಯ ಬದಲು ತಪ್ಪಿ, ಈ ಬೆಳಕನ್ನು ತಾನೇ ಹೀರುವ ಗಾಜಿನದ್ದು ಕೈಗೆ ಬಂದಿದೆಯೇ ಎಂದು ಅದರ ಮೂಲೆಯ ಗುರುತನ್ನು ಬೆಳಕಿಗೆ ಹಿಡಿದು ನೋಡಿದೆ. ಸರಿಯಾಗಿಯೇ ಇತ್ತು. ಸೀಸೆಯಲ್ಲಿ ಉಳಿದಿದ್ದ ಸೀರಮ್ಮಿನಿಂದ ಮೊದಲಿನಿಂದ ಮತ್ತೆ ಮಾಡಿದೆ, ಆಮ್ಲದಿಂದ ಹಿಡಿದು ಸೋಸುವವರೆಗೆ. ಇನ್ನೂರ ಎಂಬತ್ತು. ಇನ್ನೂರ ಎಪ್ಪತ್ತೈದು. ಇನ್ನೂರ ಎಪ್ಪತ್ತು. ಮುಳ್ಳು ಏಳತೊಡಗಿತು. ಎರಡೂ ಕೈಯಿಂದ ಚಕ್ರ ಹಿಡಿದು ಇನ್ನೂರ ಅರವತ್ತೈದಕ್ಕೆ ನಿಲ್ಲಿಸಿದೆ.

ಅದೇ ಜಾಗ, ಅದೇ ಎತ್ತರ.

ನಮ್ಮ ಅಮ್ಮ ತೀರಿಕೊಂಡದ್ದು ಇದೇ ರೋಗದಿಂದ. ಆಗ ನನಗೆ ಹನ್ನೊಂದು, ಅಕ್ಕನಿಗೆ ಹತ್ತೊಂಬತ್ತು. ಅಮ್ಮ ಸೊರಗುತ್ತಾ ಬಂದಂತೆ ಅವಳ ಅಂಗಿಗಳನ್ನು ತಿಂಗಳಿಗೊಮ್ಮೆ ಒಳಹಿಡಿದು ಹೊಲಿಯುತ್ತಿದ್ದವಳು ಅಕ್ಕ. ಅವಳು ಹೊಲಿಗೆ ಕಲಿತದ್ದೇ ಹಾಗೆ. ಬಟ್ಟೆ ಸಡಿಲವಾದದ್ದು ಯಾರಿಗೂ ಕಾಣಬಾರದು, ಮುಖ್ಯವಾಗಿ ಅಮ್ಮನಿಗೆ ಕಾಣಬಾರದು ಎಂಬುದು ಅವಳ ಹಟ.

ಆ ದಿನ ದಾಖಲೆಯ ಪುಸ್ತಕದಲ್ಲಿ ಮೂವತ್ತೊಂದರ ಮುಂದೆ ನಾನು ಏನೂ ಬರೆಯಲಿಲ್ಲ. ಗೆರೆ ಎಳೆದ ಕಾಗದವನ್ನು ನಾಲ್ಕಾಗಿ ಮಡಚಿ ಕೈಚೀಲದೊಳಗೆ ಇಟ್ಟುಕೊಂಡೆ. ಕೆಲಸಕ್ಕೆ ಸೇರಿದ ಮೇಲೆ ನಾನು ಮುಚ್ಚಿಟ್ಟ ಮೊದಲ ಕಾಗದ ಅದು.

ಸಂಜೆ ಅಕ್ಕನ ಮನೆಗೆ ಹೋದೆ. ಮರುದಿನವೂ ಹೋದೆ. ಅದರ ಮರುದಿನವೂ. ಅಕ್ಕ ಪೆಡಲು ತುಳಿಯುತ್ತ ಬಟ್ಟೆ ಓಡಿಸುತ್ತಿದ್ದಳು. ನಾನು ಎದುರಿಗೆ ಕುಳಿತು ಅವಳ ಕಣ್ಣಿನ ಬಿಳಿ ಹಳದಿಯಾಗಿದೆಯೇ, ಕೈ ಬತ್ತಿದೆಯೇ ಎಂದು ಕದ್ದು ನೋಡುತ್ತಿದ್ದೆ. ದೀಪದ ಬೆಳಕಿನಲ್ಲಿ ಎಲ್ಲವೂ ಹಳದಿಯಾಗಿಯೇ ಕಾಣುತ್ತಿತ್ತು.

ಮೂರನೆಯ ದಿನ ಅವಳು ಯಂತ್ರ ನಿಲ್ಲಿಸಿದಳು.

"ಏನೇ ಇದು? ತಿಂಗಳಿಗೊಂದು ಸಲ ಬರೋಳು ದಿನಾ ಬರ್ತಿದ್ದೀಯ. ಮನೇಲಿ ಜಗಳಾನಾ?"

"ಇಲ್ಲ ಅಕ್ಕಾ. ಸುಮ್ನೆ."

"ಸುಮ್ನೆ ಬರೋ ಮುಖ ಅಲ್ಲ ಇದು. ನನ್ನೇ ದುರುಗುಟ್ಟಿಕೊಂಡು ನೋಡ್ತಿದ್ದೀಯ, ಅಳತೆ ತಗೊಳ್ಳೋ ಹಾಗೆ. ಅಳತೆ ತಗೊಳ್ಳೋದು ನನ್ನ ಕೆಲಸ."

ನಾನು ನಗಲು ಪ್ರಯತ್ನಿಸಿದೆ. ಆಗ ಅವಳು ಎದ್ದು ನೀರು ತರಲು ಒಳಗೆ ಹೋದಳು. ಅವಳ ಅಂಗಿಯ ಬೆನ್ನಿನಲ್ಲಿ, ಎರಡೂ ಬದಿಗೆ, ಹೊಸದಾಗಿ ಒಳಹಿಡಿದ ಹೊಲಿಗೆ ಕಂಡಿತು. ದಾರದ ಬಣ್ಣ ಬಟ್ಟೆಗಿಂತ ಸ್ವಲ್ಪ ಗಾಢ. ಬೇರೆಯವರಿಗೆ ಕಾಣುತ್ತಿರಲಿಲ್ಲ.

"ಸಣ್ಣಗಾಗಿದ್ದೀಯಾ ಅಕ್ಕಾ?" ಎಂದೆ.

"ಅಯ್ಯೋ, ಶಾಲೆಯವರು ಇನ್ನೂರು ಸಮವಸ್ತ್ರ ಕೊಟ್ಟು ತಲೆ ಮೇಲೆ ಕೂತಿದ್ದಾರೆ. ಊಟಕ್ಕೆ ಕೂರೋಕೆ ಪುರುಸೊತ್ತೆಲ್ಲಿದೆ?" ಎಂದು ನೀರಿನ ಲೋಟ ನನ್ನ ಕೈಗಿಟ್ಟಳು. ಅವಳ ಕಣ್ಣು ಮಾತ್ರ ನನ್ನ ಕಣ್ಣನ್ನು ತಪ್ಪಿಸಿತು. ಅವಳಿಗೂ ಅಮ್ಮನ ಅಂಗಿಗಳ ನೆನಪು ಇತ್ತು ಎಂದು ನನಗೆ ಆಗ ಗೊತ್ತಾಯಿತು.

ವಾರ ಕಳೆಯಿತು. ಡಾಕ್ಟರು ದಾಖಲೆಯ ಪುಸ್ತಕ ತಿರುವಿ ಹಾಕುತ್ತ ಮೂವತ್ತೊಂದರ ಖಾಲಿ ಸಾಲಿನ ಮೇಲೆ ಬೆರಳಿಟ್ಟರು.

"ಇದೇನಮ್ಮಾ? ಬಿಟ್ಟುಹೋಗಿದೆಯಲ್ಲ?"

ಏನೋ ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಡಾಕ್ಟರು ನನ್ನ ಮುಖ ನೋಡಿ, ಮೂಲೆಯಲ್ಲಿದ್ದ ಸ್ಟೂಲನ್ನು ತಾವೇ ಎಳೆದು ತಂದು ನನ್ನ ಹಿಂದೆ ಇಟ್ಟರು. ನಾನು ಕುಳಿತು, ಕೈಚೀಲದಿಂದ ಕಾಗದ ತೆಗೆದು ಬಿಡಿಸಿ ಅವರ ಮುಂದೆ ಇಟ್ಟೆ.

"ಇದು ನಮ್ಮ ಅಕ್ಕಂದು, ಸಾರ್."

ಅವರು ಬಹಳ ಹೊತ್ತು ಗೆರೆಯನ್ನೇ ನೋಡಿದರು. ಎರಡು ಸಲ ಮಾಡಿದೆಯಾ ಎಂದು ಕೇಳಿದರು. ಹೌದೆಂದೆ. ಮುಚ್ಚಿಟ್ಟದ್ದಕ್ಕೆ ಒಂದು ಮಾತು ಬೈಯಲಿಲ್ಲ. "ನಮ್ಮ ತಾಯಿ ಆಗಿದ್ರೆ ನಾನೂ ಮಡಚಿ ಇಟ್ಕೋತಿದ್ದೆನೋ ಏನೋ," ಎಂದರು. ಆಮೇಲೆ ಮೆಲ್ಲಗೆ, "ನೋಡಮ್ಮಾ, ನಮ್ಮ ಕೆಲಸ ಸರಿಯಾಗಿದ್ರೆ, ನಿಮ್ಮಕ್ಕನಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಯ್ತು ಅಂತ ಅರ್ಥ. ಇಷ್ಟು ಬೇಗ ಇದುವರೆಗೆ ಯಾರೂ ಯಾರಲ್ಲೂ ಇದನ್ನ ಹಿಡಿದಿಲ್ಲ," ಎಂದರು.

ಸಮಾಧಾನ ಹೇಳಲೆಂದೇ ಹಾಗೆ ಅಂದರು. ಆದರೆ ಆ ಕೊನೆಯ ಮಾತು ಹೇಳುವಾಗ ಅವರ ಕಣ್ಣಿನಲ್ಲಿ ಒಂದು ಹೊಳಪು ಬಂದುಹೋಯಿತು. ಅವರಿಗೇ ಅದು ಅರಿವಾಗಿ ತಲೆ ತಗ್ಗಿಸಿದರು. ಅಷ್ಟು ಒಳ್ಳೆಯ ಮನುಷ್ಯರಿಗೇ ಈ ಗೆರೆಯ ಮೇಲೆ ಇಷ್ಟು ನಂಬಿಕೆ ಇದ್ದರೆ, ಇದು ನಿಜವೇ ಇರಬೇಕು ಎಂದು ನನ್ನ ಜೀವ ಇನ್ನಷ್ಟು ಕುಗ್ಗಿತು.

"ಇನ್ನೊಂದು ಸಲ ರಕ್ತ ತೆಗೆಸೋಣ. ಕರ್ಕೊಂಡು ಬಾ," ಎಂದರು.

ಕರೆತರುವುದು ಹೇಗೆ? ಅಂದು ಮಧ್ಯಾಹ್ನವೇ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಸೀಸೆ ಒಡೆದುಹೋಯಿತು, ಮತ್ತೊಮ್ಮೆ ರಕ್ತ ಬೇಕು ಎಂದು ದಾರಿಯುದ್ದಕ್ಕೂ ಹೆಣೆದುಕೊಂಡ ಕತೆಯನ್ನು ಒಪ್ಪಿಸಿದೆ.

ಅಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. "ಒಡೆದುಹಾಕಿದ್ಯಾ? ನನ್ನ ರಕ್ತಾನ? ಕೈಯಲ್ಲಿ ಬೆಣ್ಣೆ ಇಟ್ಕೊಂಡಿದ್ಯಾ?"

"ತಪ್ಪಾಯ್ತು ಅಕ್ಕಾ."

"ಆಯ್ತು. ಆದ್ರೆ ಅವತ್ತಿನ ಸಿಸ್ಟರೇ ತೆಗೀಬೇಕು. ಏನದು, ಸೊಳ್ಳೆ ಸಿಸ್ಟರ್ ಅಂತೀರಲ್ಲ, ಅವರೇ. ಬೇರೆಯವರಾದ್ರೆ ನಾನು ಬರೋಲ್ಲ."

ರಕ್ತ ತೆಗೆಯುವ ಕೋಣೆಯ ಸಿಸ್ಟರಿಗೆ ಸೊಳ್ಳೆ ಎಂದು ಹೆಸರಿಟ್ಟವರು ರೋಗಿಗಳೇ. ಕಚ್ಚಿದ್ದೇ ಗೊತ್ತಾಗುವುದಿಲ್ಲ, ರಕ್ತ ಹೋಗಿರುತ್ತದೆ ಎಂದು ಪ್ರೀತಿಯ ತಮಾಷೆ. ಅವರ ಕೈ ಹಗುರ ಎಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಚಳಿಯ ಬೆಳಗುಗಳಲ್ಲಿ ನೀರಿನ ಕೆಟಲಿನ ಮೇಲೆ ಅಂಗೈ ಹಿಡಿದು ಬೆಚ್ಚಗೆ ಮಾಡಿಕೊಂಡ ಮೇಲೆಯೇ ಅವರು ರೋಗಿಯ ಕೈ ಮುಟ್ಟುತ್ತಿದ್ದರು.

"ಅವರೇ ತೆಗೀತಾರೆ," ಎಂದೆ.

"ಹಾಗಾದ್ರೆ ಸರಿ. ಅವರು ಮೊದಲು ಸಣ್ಣ ಸೂಜಿಯಲ್ಲಿ ಚುಚ್ಚಿ ಮರಗಟ್ಟಿಸ್ತಾರೆ, ಆಮೇಲೆ ದೊಡ್ಡ ಸೂಜಿ ಹಾಕ್ತಾರೆ. ನನಗೆ ಏನೂ..." ಎಂದವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ. ಯಾರಿಗೂ ಹೇಳ್ಬೇಡಿ ಅಂದಿದ್ರು."

"ಏನಂದೆ? ಎರಡು ಸಲ ಚುಚ್ಚಿದ್ರಾ?"

"ಮೆಲ್ಲಗೆ ಮಾತಾಡೇ. ಅವರಿಗೆ ತೊಂದರೆ ಆಗುತ್ತೆ. ನೀನೇ ತಾನೇ ಅವರ ಕಿವೀಲಿ ಹೇಳಿ ಹೋದದ್ದು?"

ನಿಜ, ನಾನೇ ಹೇಳಿದ್ದೆ. ರೋಗಿಗಳ ರಕ್ತವನ್ನು ಸಿಸ್ಟರೊಬ್ಬರೇ ತೆಗೆಯುತ್ತಿದ್ದರು; ಆರೋಗ್ಯವಂತರದನ್ನು ತೆಗೆಯುವಾಗ ಮಾತ್ರ ಪ್ರಯೋಗಾಲಯದವರೊಬ್ಬರು ಪಕ್ಕದಲ್ಲಿ ನಿಂತಿರಬೇಕೆಂಬುದು ನಮ್ಮ ನಿಯಮ. ಅಕ್ಕ ಕಣ್ಣು ಬಿಗಿಹಿಡಿದು ಮುಚ್ಚಿದ್ದನ್ನು ನೋಡಲಾರದೆ, "ಸಿಸ್ಟರ್, ನಮ್ಮಕ್ಕ ತುಂಬಾ ಹೆದರ್ತಾಳೆ, ಸ್ವಲ್ಪ ನೋಡ್ಕೊಳ್ಳಿ," ಎಂದು ಪಿಸುಗುಟ್ಟಿ ನಾನು ಮೊಗಸಾಲೆಗೆ ಹೋಗಿಬಿಟ್ಟಿದ್ದೆ.

ರಕ್ತಕ್ಕೆ ಹೊರಗಿನದೇನೂ ಸೇರಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಮರಗಟ್ಟಿಸುವ ಮದ್ದು ಕೂಡ ಬೆಳಕು ಹೀರುವ ವಸ್ತುವೇ. ಸೂಜಿ ಆ ಮದ್ದಿನ ಮೂಲಕವೇ ಹಾದು ಹೋಗಿದ್ದರೆ? ಗೂನು ಮದ್ದಿನದಾಗಿದ್ದರೆ? ಹಾಗಿರಲಿ ಎಂದು ಎಷ್ಟು ಆಸೆಪಟ್ಟೆನೆಂದರೆ, ಆ ಆಸೆಗೇ ಹೆದರಿಕೊಂಡೆ.

ಮರುದಿನ ಬೆಳಗ್ಗೆ ಸಿಸ್ಟರ ಕೋಣೆಯ ಬಾಗಿಲು ಹಾಕಿಕೊಂಡು ಕೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಹತ್ತಿಯನ್ನು ಹಿಂಜುತ್ತ ನಿಂತರು.

"ಯಾರು ಹೇಳಿದ್ರು?"

"ಬಾಯಿ ತಪ್ಪಿ ಬಂತು ಅಕ್ಕಂಗೆ. ಸಿಸ್ಟರ್, ನಿಮ್ಮ ಮೇಲೆ ದೂರು ಹೇಳೋಕೆ ಬಂದಿಲ್ಲ. ನಮ್ಮಕ್ಕನ ಗೆರೆಯಲ್ಲಿ ಗೂನು ಬಂದಿದೆ. ಅದು ರೋಗಾನೋ ನಿಮ್ಮ ಮದ್ದೋ ನನಗೆ ಗೊತ್ತಾಗಬೇಕು."

ಅವರು ಕುರ್ಚಿಯಲ್ಲಿ ಕುಳಿತರು.

"ಮೊದಮೊದಲು ಒಬ್ಬ ಹೆಂಗಸು ಬಂದಿದ್ರಮ್ಮಾ. ವಯಸ್ಸಾದವರು. ನರ ಸಿಗಲೇ ಇಲ್ಲ. ಆರು ಸಲ ಚುಚ್ಚಿದೆ. ಅವರು ಅಳಲಿಲ್ಲ, ನನಗೇ ಸಮಾಧಾನ ಮಾಡಿದ್ರು, ಪರವಾಗಿಲ್ಲ ಮಗಳೇ ಅಂತ. ನಾನು ಮನೆಗೆ ಹೋಗಿ ಊಟ ಮಾಡಲಿಲ್ಲ. ಅವತ್ತಿಂದ ಹೆದರೋರಿಗೆಲ್ಲ ಒಂದು ಹನಿ ಹಾಕ್ತಾ ಬಂದೆ. ಚರ್ಮದ ಕೆಳಗೆ ಬಟಾಣಿಯಷ್ಟು ಉಬ್ಬುತ್ತೆ, ಅದರ ಮೂಲಕಾನೇ ದೊಡ್ಡ ಸೂಜಿ ಹೋಗುತ್ತೆ. ಕೈ ಹಗುರ ಅಂತ ಹೆಸರು ಬಂತು. ಬಂದಮೇಲೆ, ಕೈ ಅಲ್ಲ ಮದ್ದು ಅಂತ ಹೇಳೋಕೆ ನಾಚಿಕೆ ಆಯ್ತು."

"ಯಾರ್ಯಾರಿಗೆ ಹಾಕಿದ್ರಿ?"

"ನಿಮ್ಮ ಸಿಬ್ಬಂದಿ, ವಿದ್ಯಾರ್ಥಿಗಳಿಗೆ ಯಾಕೆ ಬೇಕು? ಅವರು ನಗ್ತಾ ಬಂದು ನಗ್ತಾ ಹೋದ್ರು. ರೋಗಿಗಳಿಗೆ ಹೆಚ್ಚುಕಮ್ಮಿ ಎಲ್ಲರಿಗೂ. ಇಬ್ಬರು ಮೂವರು ಬೇಡ ಅಂದ್ರು. ಸೈನ್ಯದಲ್ಲಿದ್ದ ಒಬ್ಬ ಮುದುಕರು ಬೈದೇಬಿಟ್ರು, ನಾನೇನು ಮಗುವಾ ಅಂತ."

ಆ ಮುದುಕರ ಗೆರೆ ನನಗೆ ನೆನಪಿತ್ತು. ರೋಗ ಇದ್ದೂ ಗೂನು ಇಲ್ಲದ ಮೂವರಲ್ಲಿ ಅವರೂ ಒಬ್ಬರು.

ಸಿಸ್ಟರು ಎದ್ದು ಬೀರುವಿನಿಂದ ಮದ್ದಿನ ಸಣ್ಣ ಸೀಸೆಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. ಹಲ್ಲು ಕೀಳುವಾಗ ಹಾಕುವಂಥದ್ದೇ, ಪ್ರೊಕೇನ್. "ಇದು ನನ್ನ ಕೆಲಸ ಕಳೀಬಹುದು," ಎಂದರು. ಆದರೂ ಸೀಸೆಯ ಮೇಲಿನ ಬೆರಳುಗಳನ್ನು ಬಿಡಿಸಿಕೊಂಡರು.

ದೀಪ ಕಾಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಕೈ ಕಟ್ಟಿಕೊಂಡು ಕೂರಲಾರದೆ, ಇದ್ದಬದ್ದ ಪಿಪೆಟ್ಟುಗಳನ್ನೆಲ್ಲ ತೊಳೆದೆ. ಆಮೇಲೆ ಮದ್ದಿನ ಒಂದು ಹನಿಯನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಕುಪ್ಪಿಗೆ ತುಂಬಿ, ಚಕ್ರ ತಿರುಗಿಸಿದೆ.

ಮುನ್ನೂರ ಹತ್ತರಲ್ಲೇ ಮುಳ್ಳು ಎದ್ದಿತು. ಇನ್ನೂರ ತೊಂಬತ್ತರಲ್ಲಿ ಶಿಖರ ಮುಟ್ಟಿತು. ಅಲ್ಲಿಂದ ಇಳಿಯತೊಡಗಿತು. ಇನ್ನೂರ ಎಂಬತ್ತು, ಇನ್ನೂರ ಎಪ್ಪತ್ತು, ಇಳಿಯುತ್ತಲೇ ಹೋಯಿತು. ಇನ್ನೂರ ಅರವತ್ತೈದರಲ್ಲಿ ಗೂನೂ ಇಲ್ಲ, ಏನೂ ಇಲ್ಲ.

ಮದ್ದಿನ ಉಬ್ಬು ಬೇರೆ ಜಾಗದ್ದು. ಅಕ್ಕನ ಗೂನು ಮದ್ದಿನದಲ್ಲ.

ಮೇಜಿಗೆ ಹಣೆ ಹಚ್ಚಿ ಕುಳಿತೆ. ಅಲ್ಲಿಯವರೆಗೆ ಹೆದರಿಕೆಯ ಜೊತೆ ಸಣ್ಣದೊಂದು ಆಸೆ ಇತ್ತು. ಈಗ ಹೆದರಿಕೆ ಒಂದೇ ಉಳಿಯಿತು. ಅಕ್ಕನಿಗೆ ಯಾವ ಮಾತಿನಲ್ಲಿ ಹೇಳುವುದು? ಅವಳ ಅಂಗಿಗಳನ್ನು ಇನ್ನು ಮುಂದೆ ಒಳಹಿಡಿಯುವವರು ಯಾರು? ನನಗೆ ಒಂದು ಗುಂಡಿ ಹೊಲಿಯಲೂ ನೆಟ್ಟಗೆ ಬರುವುದಿಲ್ಲ. ಹುಚ್ಚು ಹುಚ್ಚಾಗಿ ಆ ಗುಂಡಿಯ ಬಗ್ಗೆಯೇ ಯೋಚಿಸುತ್ತ ಅತ್ತೆ.

ಎಷ್ಟು ಹೊತ್ತಾಯಿತೋ. ಬಾಗಿಲು ಸರಿಸಿಕೊಂಡು ಸಿಸ್ಟರು ಒಳಗೆ ಬಂದರು. ಕತ್ತಲೆಯಲ್ಲಿ ತಡವರಿಸಿ ಒಂದು ಲೋಟ ಟೀ ನನ್ನ ಮೊಣಕೈ ಹತ್ತಿರ ಇಟ್ಟರು.

"ಏನಾಯ್ತಮ್ಮಾ?"

"ನಿಮ್ಮ ಮದ್ದಲ್ಲ ಸಿಸ್ಟರ್. ನೀವು ಹೆದರಬೇಕಾಗಿಲ್ಲ."

ಅವರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು ನಿಂತರು. ಸುಮ್ಮನಿರಲಾರದೆ ಏನೋ ಒಂದು ಮಾತಾಡಬೇಕೆಂದು, "ಅದು ಬೇಗ ಇಳಿದುಹೋಗೋ ಮದ್ದು. ಕಾಲು ಗಂಟೇಲಿ ಚರ್ಮಕ್ಕೆ ಮತ್ತೆ ನೋವು ಗೊತ್ತಾಗುತ್ತೆ. ರಕ್ತಕ್ಕೆ ಸೇರಿದ್ರೆ ರಕ್ತಾನೇ ಅದನ್ನ ಮುರಿದುಹಾಕುತ್ತೆ ಅಂತ ನಮಗೆ ಪಾಠದಲ್ಲಿ ಹೇಳಿಕೊಟ್ಟಿದ್ರು," ಎಂದರು.

ನಾನು ತಲೆಯೆತ್ತಿದೆ. "ಏನಂದ್ರಿ?"

"ರಕ್ತಾನೇ ಮುರಿದುಹಾಕುತ್ತೆ ಅಂತ."

ಮುರಿದರೆ ಅದು ಅದೇ ವಸ್ತುವಾಗಿ ಉಳಿಯುವುದಿಲ್ಲ. ಬೇರೆ ವಸ್ತು ಬೇರೆ ಅಳತೆಯಲ್ಲಿ ಬೆಳಕು ಹೀರುತ್ತದೆ. ನಾನು ಮದ್ದನ್ನು ನೀರಿನಲ್ಲಿ ನೋಡಿದ್ದೆ. ರಕ್ತದಲ್ಲಿ ನೋಡಿರಲಿಲ್ಲ.

"ಸಿಸ್ಟರ್, ನನ್ನ ರಕ್ತ ತೆಗೀರಿ. ಮದ್ದು ಹಾಕದೆ."

ಅವರು ಬರಿಗೈಯಲ್ಲಿ, ಅಂದರೆ ಬರೀ ಕೈಯ ಹಗುರದಲ್ಲಿ, ನನ್ನ ರಕ್ತ ತೆಗೆದರು. ನೋವಾಯಿತು. ಹೇಳಲಿಲ್ಲ. ರಕ್ತ ಹೆಪ್ಪುಗಟ್ಟಿ ಸೀರಮ್ ಬೇರೆಯಾಗುವವರೆಗೆ ಇಬ್ಬರೂ ಕಾದೆವು. ಸೀರಮ್ಮನ್ನು ಎರಡು ಪಾಲು ಮಾಡಿದೆ. ಒಂದಕ್ಕೆ ಮದ್ದಿನ ಹನಿ, ಇನ್ನೊಂದು ಹಾಗೆಯೇ. ಒಂದು ಗಂಟೆ ಬಿಟ್ಟು, ಆಮ್ಲ ಹಾಕಿ, ಸೋಸಿ, ಹುಳಿ ಕಳೆದು, ಒಂದಾದ ಮೇಲೊಂದು ನೋಡಿದೆ.

ಬರೀ ಸೀರಮ್ಮಿನ ಗೆರೆ ಇನ್ನೂರ ತೊಂಬತ್ತರ ದಿಬ್ಬ ದಾಟಿ ಸಪಾಟಾಗಿ ಇಳಿಯಿತು. ಮದ್ದು ಬೆರೆತದ್ದರಲ್ಲಿ ಇನ್ನೂರ ಎಪ್ಪತ್ತಕ್ಕೆ ಮುಳ್ಳು ಅಲುಗಿತು. ಇನ್ನೂರ ಅರವತ್ತೈದಕ್ಕೆ ಎದ್ದು ನಿಂತಿತು.

ಡಾಕ್ಟರು ದಾಖಲೆಯ ಪುಸ್ತಕದಲ್ಲಿ ಇಟ್ಟಿದ್ದ ಅಕ್ಕನ ಕಾಗದವನ್ನು ಈ ಹೊಸ ಗೆರೆಯ ಮೇಲಿಟ್ಟು, ಕಿಟಕಿಯ ಪರದೆ ಸರಿಸಿ ಬೆಳಕಿಗೆ ಹಿಡಿದೆ. ಎರಡು ಗೂನುಗಳೂ ಒಂದರ ಮೇಲೊಂದು ಕೂತವು. ನನ್ನ ಬಾಯಿಂದ ಏನೋ ಸದ್ದು ಹೊರಟಿರಬೇಕು. ಸಿಸ್ಟರು ಓಡಿಬಂದು ನನ್ನನ್ನು ಹಿಡಿದುಕೊಂಡರು. ಆಮೇಲೆ ಅವರ ಕೈ ನಿಧಾನವಾಗಿ ಸಡಿಲವಾಯಿತು. ನನಗೆ ಹೋದ ಜೀವ ಬಂದಿತ್ತು. ಅವರಿಗೆ ಈಗ ಹೆದರುವ ಸರದಿ.

"ನಾನೇ ಡಾಕ್ಟರ ಹತ್ರ ಹೇಳ್ತೀನಿ," ಎಂದರು. "ನೀವು ಹೇಳಿದ್ರೆ ದೂರು ಆಗುತ್ತೆ."

ಡಾಕ್ಟರ ಕೋಣೆಯಲ್ಲಿ ನಾವಿಬ್ಬರೂ ನಿಂತೆವು. ಸಿಸ್ಟರು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು. ನಿಯಮ ತಪ್ಪಿ ಹೊರಗೆ ಹೋದದ್ದನ್ನು ನಾನು ಹೇಳಿದೆ. ಕಾಗದಗಳನ್ನು ಮೇಜಿನ ಮೇಲೆ ಹರಡಿದೆ. ಮೂರು ವರ್ಷದ ಕೆಲಸ ಆ ಕಾಗದಗಳ ಕೆಳಗೆ ಮುಚ್ಚಿಹೋದದ್ದನ್ನು ನಾವು ಮೂವರೂ ನೋಡಿದೆವು. ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕುಳಿತರು.

"ಎಷ್ಟು ಜನಕ್ಕೆ ಹಾಕಿದ್ರಿ ಸಿಸ್ಟರ್?"

"ಹೆದರಿದವರಿಗೆಲ್ಲ, ಸಾರ್."

"ರೋಗಿಗಳು ಎಲ್ಲರೂ ಹೆದರಿದ್ರು ಅಲ್ವಾ," ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. "ಹಾಗಾದ್ರೆ ಮೂರು ವರ್ಷ ನಾವು ಅಳೆದದ್ದು ಅವರ ಹೆದರಿಕೇನ."

ಸಿಸ್ಟರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಡಾಕ್ಟರು ಅದನ್ನು ನೋಡಿ, "ನಿಮ್ಮನ್ನ ನಾನು ಒಂದು ಸಲಾನೂ ಕೇಳಲಿಲ್ಲವಲ್ಲ, ರಕ್ತ ಹೇಗೆ ತೆಗೀತೀರಿ ಅಂತ. ಅದು ನನ್ನ ತಪ್ಪು," ಎಂದರು. ಮೇಲಿನವರಿಗೆ ಅವರು ಬರೆದ ವರದಿಯಲ್ಲಿ ಆ ಮಾತನ್ನೇ ಮೊದಲು ಬರೆದರು ಎಂದು ಆಮೇಲೆ ಗೊತ್ತಾಯಿತು. ಸಿಸ್ಟರಿಗೆ ಒಂದು ಎಚ್ಚರಿಕೆಯ ಪತ್ರ ಬಂತು. ಕೆಲಸ ಉಳಿಯಿತು.

ಅಕ್ಕನಿಗೆ ಮಾತ್ರ ಇನ್ನೂ ಏನೂ ಹೇಳಿರಲಿಲ್ಲ. ಆ ಸಂಜೆ ಅವಳ ಮನೆಗೆ ಹೋಗಿ, ಯಂತ್ರದ ಪಕ್ಕದ ಮಣೆಯ ಮೇಲೆ ಕುಳಿತು, ಗೂನಿನಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಅವಳು ಕೋಪ ಮಾಡಿಕೊಳ್ಳುವಳೆಂದು ಕಾದೆ.

"ಹತ್ತು ದಿನ ಇದನ್ನ ಒಬ್ಬಳೇ ಇಟ್ಕೊಂಡಿದ್ಯಾ?" ಎಂದಳು. ಆಮೇಲೆ, "ಹಾಗಾದ್ರೆ ನನಗೆ ಆ ರೋಗ ಇಲ್ಲ."

ಹೌದೆನ್ನಲು ಬಾಯಿ ತೆರೆದೆ. ಆಗಲೇ ನನಗೂ ಹೊಳೆದದ್ದು. ಗೂನು ರೋಗದ ಗುರುತೇ ಅಲ್ಲವೆಂದ ಮೇಲೆ, ಗೂನು ಇಲ್ಲದಿರುವುದೂ ಯಾವುದರ ಗುರುತೂ ಅಲ್ಲ. ನಮ್ಮ ಯಂತ್ರಕ್ಕೆ ಅವಳ ಬಗ್ಗೆ ಈಗ ಏನೂ ಗೊತ್ತಿರಲಿಲ್ಲ.

"ಆ ಯಂತ್ರಕ್ಕೆ ಅದು ಗೊತ್ತಾಗೋಲ್ಲ ಅಕ್ಕಾ," ಎಂದೆ.

ಅವಳು ತಲೆಯಾಡಿಸಿದಳು. ಒಳಹಿಡಿದ ಹೊಲಿಗೆಯ ಮೇಲೆ ಅವಳ ಕೈ ತಾನೇ ತಾನಾಗಿ ಹೋಯಿತು. "ಗೊತ್ತಾಗೋ ಹಾಗೆ ನೋಡೋರು ಯಾರಾದ್ರೂ ಇದ್ದಾರಾ? ಇದ್ರೆ ಹೋಗಿಬರೋಣ. ಒಬ್ಬಳೇ ಹೋಗೋಕೆ ನನಗೂ ಧೈರ್ಯ ಇರಲಿಲ್ಲ ಕಣೇ."

ಗುರುವಾರ ಬೆಳಗ್ಗೆ ಹೋದೆವು. ಹೊಟ್ಟೆಯ ರೋಗಗಳನ್ನು ನೋಡುವ ವೈದ್ಯರು ಅಕ್ಕನನ್ನು ಒಳಗೆ ಕರೆದುಕೊಂಡರು. ನಾನು ಮೊಗಸಾಲೆಯ ಬೆಂಚಿನಲ್ಲಿ ಕುಳಿತೆ. ಎದುರಿನ ಗೋಡೆಯ ಮೇಲೆ ಗಡಿಯಾರ ಇತ್ತು; ಅದನ್ನು ನೋಡಬಾರದೆಂದು ನೆಲದ ಚೌಕಗಳನ್ನು ಎಣಿಸಿದೆ. ಎಣಿಕೆ ತಪ್ಪಿತು. ಮತ್ತೆ ಶುರುಮಾಡಿದೆ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಏನೂ ಕೇಳದೆ ತನ್ನ ಚೀಲ ಸರಿಸಿ ನನಗೆ ಒರಗಲು ಜಾಗ ಮಾಡಿಕೊಟ್ಟಳು.

ಬಾಗಿಲು ತೆರೆಯಿತು. ಅಕ್ಕ ತೋಳಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದಳು. ಮುಖದಲ್ಲಿ ಏನೂ ಓದಲಾಗಲಿಲ್ಲ. ನಾನು ಎದ್ದೆ.

"ಗಡ್ಡೆ ಏನೂ ಕೈಗೆ ಸಿಗಲಿಲ್ಲವಂತೆ. ಚಿತ್ರ ತೆಗೆದು ನೋಡಿದ್ರು, ಅದರಲ್ಲೂ ಏನೂ ಇಲ್ಲವಂತೆ," ಎಂದಳು. "ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಬೈದ್ರು. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ತೋರಿಸಬೇಕಂತೆ."

ನಾನು ಮತ್ತೆ ಬೆಂಚಿನ ಮೇಲೆ ಕುಸಿದೆ. ಅಕ್ಕ ನನ್ನ ಕೆನ್ನೆ ತಟ್ಟಿದಳು. "ಒಳ್ಳೆ ಕತೆ ಆಯ್ತು. ಪರೀಕ್ಷೆ ನನಗೆ, ಬೀಳೋದು ನೀನು. ಅಲ್ಲೇ ಕೂತಿರು, ಏಳಬೇಡ. ನೀರು ತರ್ತೀನಿ."

ಅವಳು ಮೊಗಸಾಲೆಯ ಕೊನೆಗೆ ನಡೆದಳು. ಏನೂ ಇಲ್ಲವಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ, ಅವಳ ಹೆಜ್ಜೆ ಭಾರವಾಗಿದೆಯೇ, ಹಗುರವಾಗಿದೆಯೇ, ಎಲ್ಲಾದರೂ ಕೈ ಊರುತ್ತಾಳೆಯೇ ಎಂದು, ಅವಳು ಮೂಲೆಯಲ್ಲಿ ತಿರುಗಿ ಮರೆಯಾಗುವವರೆಗೂ ಕಣ್ಣು ಮಿಟುಕಿಸದೆ ನೋಡಿದೆ.